ಕೊಲಾಬಾದಲ್ಲಿ 73, ಸಾಂತಾಕ್ರೂಜ್‌ನಲ್ಲಿ 944

ಸಾಂತಾಕ್ರೂಜ್ ಪೂರ್ವದ ಬಾಡಿಗೆ ಕೋಣೆಯಲ್ಲಿ ಹುಬ್ಬಳ್ಳಿಯ ಹುಡುಗನ ಫೋನು ರಾತ್ರಿಯಿಡೀ ಗುಂಯ್‌ಗುಡುತ್ತಿತ್ತು. ಸರ್ವರ್‌ಗಳಿಗೂ ಡಿಸ್ಕ್‌ಗಳಿಗೂ ನಡುವೆ ನಿಂತ ಸ್ಟೋರೇಜ್ ಸ್ವಿಚ್‌ಗಳನ್ನು ಕಾಯುವುದು ಅವನ ಕೆಲಸ. ಬ್ರೊಕೇಡ್ ಸ್ವಿಚ್‌ನ ಮ್ಯಾಪ್ಸ್‌ನಲ್ಲಿ ಇರುವ ಸಿದ್ಧ ನೀತಿಗಳಲ್ಲಿ ಮೂರು ಇವು: ಕನ್ಸರ್ವೇಟಿವ್, ಮಾಡರೇಟ್, ಅಗ್ರೆಸಿವ್. ಹೊಸಬನ ಹುಮ್ಮಸ್ಸಿನಲ್ಲಿ ಎಲ್ಲ ಪೋರ್ಟುಗಳಿಗೂ ಮೂರನೆಯದನ್ನೇ ಹಾಕಿದ್ದ. ಅದರ ಮಿತಿಗಳು ಬಿಗಿ. ಸಣ್ಣ ಏರುಪೇರಿಗೂ ಒಂದು ಮಿಂಚಂಚೆ. ವಾರದೊಳಗೆ ಅವೆಲ್ಲ ಓದದ ಫೋಲ್ಡರು ಸೇರಿದವು. ಒಂದು ಎಸ್‌ಎಫ್‌ಪಿಯ ಬೆಳಕು ಕುಂದುತ್ತಿದೆ, ಸಿಆರ್‌ಸಿ ದೋಷ ಏರುತ್ತಿದೆ ಎಂಬ ನಿಜವಾದ ಎಚ್ಚರಿಕೆಯೂ ಅಲ್ಲೇ ಬಿದ್ದಿತ್ತು. ಬೆಳಗ್ಗೆ ಡೇಟಾಬೇಸ್ ತೆವಳತೊಡಗಿದಾಗಲೇ ಅವನಿಗೆ ಗೊತ್ತಾದದ್ದು.

ಮನೆ ಮಾಲಕಿ ಆಗಾಗ 2005ರ ಜುಲೈ 26ರ ಕತೆ ಹೇಳುತ್ತಿದ್ದರು. ಅಂದು ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ 944 ಮಿಲಿಮೀಟರ್ ಮಳೆ. ಅದೇ ಊರಿನ ಕೊಲಾಬಾದಲ್ಲಿ ಬರೀ 73. ಇಡೀ ಊರಿಗೆ ಒಂದೇ ಅಳತೆಗೋಲು ಹಿಡಿದರೆ ಮುಳುಗುತ್ತಿರುವ ಓಣಿ ಕಾಣುವುದಿಲ್ಲ.

ಅವನು ಪೋರ್ಟುಗಳನ್ನು ಗುಂಪು ಮಾಡಿದ. ಡಿಸ್ಕಿನ ಕಡೆಯವಕ್ಕೆ ಬಿಗಿ ಮಿತಿ, ಉಳಿದವಕ್ಕೆ ಸಡಿಲ. ಬೆಳಕು ಮತ್ತು ಸಿಆರ್‌ಸಿಗೆ ಮಾತ್ರ ಮಿಂಚಂಚೆ. ಮಿಕ್ಕದ್ದು ಲಾಗಿನಲ್ಲಿದ್ದರೆ ಸಾಕು.

ಈಗ ಫೋನು ವಾರಕ್ಕೊಮ್ಮೆ ಸದ್ದು ಮಾಡಿದರೆ ಹೆಚ್ಚು. ಸದ್ದಾದರೆ ಅವನು ಏಳುತ್ತಾನೆ.