ಡಾಕ್ಟರ್ ಅಡಿಸನ್ ಮತ್ತು ಒಂದು ಪೆನ್ನಿ

ಕಳೆದ ಅಕ್ಟೋಬರ್‌ನ ಒಂದು ಶನಿವಾರ ಸಂಜೆ ಮಗಳು ನನ್ನನ್ನು ಸೋಫಾದ ಮೇಲೆ ಮಲಗಿಸಿ ಹೊಟ್ಟೆಗೆ ಟೇಪು ಹಿಡಿದಳು. ಇಲ್ಲೇ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಅವಳದು ಮೆಡಿಕಲ್ ಮೊದಲ ವರ್ಷ. ಬ್ರೂಮ್‌ಹಿಲ್‌ನ ನಮ್ಮ ಮನೆಯಿಂದ ಇಳಿಜಾರಿನಲ್ಲಿ ನಡೆದರೆ ಕಾಲೇಜು, ಪಕ್ಕದಲ್ಲೇ ಹ್ಯಾಲಮ್‌ಶೈರ್ ಆಸ್ಪತ್ರೆ. ಕತ್ತಿನ ಕೆಳಗಿನ ಗುಳಿಯಿಂದ ಕಿಬ್ಬೊಟ್ಟೆಯ ಮೂಳೆಯವರೆಗೆ ಅಳೆದು, ಸರಿಯಾಗಿ ಅರ್ಧಕ್ಕೆ ಬೆರಳಿಟ್ಟು, "ಅಮ್ಮ, ಇದು ಅಡಿಸನ್ ಗೆರೆ. ಕಂಡುಹಿಡಿದವರು ನಮ್ಮ ಕಾಲೇಜಿನ ಪ್ರೊಫೆಸರ್. ಆಮೇಲೆ ಮಿನಿಸ್ಟರ್ ಆದರಂತೆ" ಎಂದಳು.

ನಾನು ಬಿಕಾಂ ಮುಗಿಸಿ ಸಿಎ ಮಾಡಿದವಳು. ಹೊಟ್ಟೆಯೊಳಗಿನ ಗೆರೆ ನನಗೆ ತಿಳಿಯದು. ಮಿನಿಸ್ಟರ್ ಅಂದದ್ದಕ್ಕೆ ಕಿವಿ ನಿಮಿರಿತು.

ಕ್ರಿಸ್ಟೋಫರ್ ಅಡಿಸನ್ 1869ರಲ್ಲಿ ಲಿಂಕನ್‌ಶೈರ್‌ನ ಹಾಗ್ಸ್‌ತಾರ್ಪ್ ಎಂಬ ಹಳ್ಳಿಯಲ್ಲಿ, ಬೇಸಾಯದ ಮನೆಯಲ್ಲಿ ಹುಟ್ಟಿದವರು. ಶೆಫೀಲ್ಡ್‌ನಲ್ಲೂ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲೂ ವೈದ್ಯಕೀಯ ಓದಿದರು. (ಮುಂದೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾದ ಡಾಕ್ಟರ್ ಬಿ.ಸಿ. ರಾಯ್ ಓದಿದ್ದೂ ಅದೇ ಆಸ್ಪತ್ರೆಯಲ್ಲಿ. ಅಲ್ಲಿನ ನೀರಿನಲ್ಲೇ ಏನೋ ಇದ್ದಿರಬೇಕು!) 1897ರಲ್ಲಿ ಶೆಫೀಲ್ಡ್ ಯೂನಿವರ್ಸಿಟಿ ಕಾಲೇಜು ಶುರುವಾದಾಗ ಅಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾದರು. 1910ರಲ್ಲಿ ಲಿಬರಲ್ ಪಕ್ಷದಿಂದ ಪಾರ್ಲಿಮೆಂಟಿಗೆ ಹೋದರು. ಮರುವರ್ಷ ಲಾಯ್ಡ್ ಜಾರ್ಜ್ ಆರೋಗ್ಯ ವಿಮೆಯ ಕಾನೂನು ತಂದಾಗ ವೈದ್ಯರ ಸಂಘ ಸಿಡಿದು ನಿಂತಿತು. ಆಗ ನಡುವೆ ನಿಂತು ಮಾತಾಡಿಸಿದ್ದು ಈ ಡಾಕ್ಟರು. 1919ರ ಜೂನ್‌ನಲ್ಲಿ ಬ್ರಿಟನ್ನಿನ ಮೊಟ್ಟಮೊದಲ ಆರೋಗ್ಯ ಸಚಿವರಾದರು.

ಆರೋಗ್ಯ ಸಚಿವರು ಮಾಡಿದ ದೊಡ್ಡ ಕೆಲಸ ಯಾವುದು ಅಂದರೆ, ಮನೆ ಕಟ್ಟಿಸಿದ್ದು. ಆಸ್ಪತ್ರೆಯಲ್ಲ, ಮನೆ. ಯುದ್ಧದಿಂದ ಮರಳಿದವರಿಗೆ ಮೂರು ವರ್ಷದಲ್ಲಿ 5 ಲಕ್ಷ ಮನೆ ಎಂದು ಸರ್ಕಾರ ಮಾತು ಕೊಟ್ಟಿತ್ತು. 1919ರ ಜುಲೈನಲ್ಲಿ ಬಂದ ಕಾನೂನನ್ನು ಜನ ಇವತ್ತಿಗೂ ಅಡಿಸನ್ ಆಕ್ಟ್ ಎಂದೇ ಕರೆಯುತ್ತಾರೆ.

ಅದರ ಲೆಕ್ಕ ಹೇಳದೆ ನನಗೆ ಸಮಾಧಾನವಿಲ್ಲ. ಊರಿನ ಕೌನ್ಸಿಲ್ ಸಾಲ ಮಾಡಿ ಮನೆ ಕಟ್ಟಿ, ಬಡವರಿಗೆ ಎಟುಕುವ ಬಾಡಿಗೆಗೆ ಕೊಡಬೇಕು. ಬಾಡಿಗೆ ಸಾಲದೆ ನಷ್ಟವಾಗುವುದು ಖಂಡಿತ. ಮನೆ ಕಂದಾಯದ ಮೇಲೆ ಪೌಂಡಿಗೊಂದು ಪೆನ್ನಿ ಎತ್ತಿದರೆ ಎಷ್ಟು ಬರುತ್ತದೋ ಅಷ್ಟು ನಷ್ಟ ಕೌನ್ಸಿಲ್‌ನದು, ಮಿಕ್ಕಿದ್ದೆಲ್ಲ ಲಂಡನ್ನಿನ ಖಜಾನೆಯದು. ಎಂದರೆ ಪೆನ್ನಿ ದಾಟಿದ ಮೇಲೆ ಮನೆಗೆ ಎಷ್ಟು ಸುರಿದರೂ ಕೌನ್ಸಿಲ್‌ಗೆ ಒಂದೇ. ನನ್ನ ಕೈಕೆಳಗಿನ ಹುಡುಗ ಇಂಥ ಪ್ರಸ್ತಾವ ತಂದಿದ್ದರೆ ವಾಪಸ್ ಕಳಿಸುತ್ತಿದ್ದೆ. ಊರೂರೂ ಒಟ್ಟಿಗೇ ಕಟ್ಟಲು ಹೊರಟವು, ಗಾರೆಯವರಿಲ್ಲ, ಮರವಿಲ್ಲ. ಯುದ್ಧಕ್ಕೆ ಮುಂಚೆ 250 ಪೌಂಡಿಗೆ ಏಳುತ್ತಿದ್ದ ಮನೆ 900 ದಾಟಿತು. ಪತ್ರಿಕೆಗಳು ದುಂದುಗಾರ ಎಂದು ಜರಿದವು. 1921ರ ಏಪ್ರಿಲ್‌ನಲ್ಲಿ ಅಡಿಸನ್‌ರನ್ನು ಖಾತೆಯಿಲ್ಲದ ಮಂತ್ರಿ ಮಾಡಿ, ಆರೋಗ್ಯವನ್ನು ಆಲ್‌ಫ್ರೆಡ್ ಮಾಂಡ್ ಎಂಬ ಉದ್ಯಮಿಗೆ ಕೊಟ್ಟರು. ಕೆಲಸವಿಲ್ಲದ ಮಂತ್ರಿಗೆ 5,000 ಪೌಂಡ್ ಸಂಬಳವೇಕೆ ಎಂದು ಗದ್ದಲವಾಗಿ ಅದನ್ನೂ ಅರ್ಧ ಮಾಡಿದರು. ಜುಲೈನಲ್ಲಿ ಮನೆ ಯೋಜನೆಯನ್ನೇ ನಿಲ್ಲಿಸಿದಾಗ ಅವರು ರಾಜೀನಾಮೆ ಕೊಟ್ಟು ಹೊರಬಂದರು. ಕೊನೆಗೆ ಎದ್ದದ್ದು ಸುಮಾರು 2 ಲಕ್ಷ 13 ಸಾವಿರ ಮನೆ.

ಓದುತ್ತಾ ನಾನು ಮಾಂಡ್ ಸಾಹೇಬರ ಪಕ್ಷದಲ್ಲೇ ಇದ್ದೆ. ಮಗಳು ಕೇಳಿದಳು: "ಡಾಕ್ಟರ್ ಮನೆ ಯಾಕೆ ಕಟ್ಟಿಸಿದರು ಅಂತ ನಿನಗೆ ಗೊತ್ತಿಲ್ವಾ ಅಮ್ಮ? ಮಾಮನ ಕಥೆ ನೀನೇ ಹೇಳಿದ್ದೆಯಲ್ಲ."

ದಾವಣಗೆರೆಯಲ್ಲಿ ನಾವಿದ್ದದ್ದು ವಠಾರದ ಕೊನೆಯ ಮನೆ. ಮಳೆಗಾಲದಲ್ಲಿ ಹಿಂದಿನ ಗೋಡೆ ಎದೆಮಟ್ಟ ಒದ್ದೆ. ತಮ್ಮನ ಹಾಸಿಗೆ ಆ ಗೋಡೆಗೇ ತಾಗಿತ್ತು. ರಾತ್ರಿಯೆಲ್ಲ ಉಬ್ಬಸ. ಡಾಕ್ಟರು ಸಿರಪ್ ಬರೆದುಕೊಟ್ಟು, "ಮೇಷ್ಟ್ರೇ, ಔಷಧಿ ನಾನು ಕೊಡಬಲ್ಲೆ, ಮನೆ ನೀವು ಬದಲಾಯಿಸಬೇಕು" ಎಂದರು. ಅಪ್ಪ ದಾರಿಯುದ್ದಕ್ಕೂ ಬೆರಳು ಮಡಿಸಿ ಅಡ್ವಾನ್ಸು, ಬಾಡಿಗೆ ಲೆಕ್ಕ ಹಾಕಿದರು. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ಮುಂದಿನ ವರ್ಷ ನೋಡೋಣ" ಅಂದರು. ಮೂರು ವರ್ಷ ಅದೇ ಮಾತು. ತಮ್ಮ ಈಗಲೂ ಜೇಬಿನಲ್ಲಿ ಇನ್‌ಹೇಲರ್ ಇಲ್ಲದೆ ಹೊಸಿಲು ದಾಟುವುದಿಲ್ಲ.

ಮಗಳಿಗೆ ಗೊತ್ತಿಲ್ಲದ್ದೊಂದಿದೆ. ನಾನು ಲೆಕ್ಕ ಬರೆಯುವುದು ಬಾಡಿಗೆ ಮನೆಗಳ ಒಂದು ಸಂಸ್ಥೆಗೆ, ಹೆಸರು ಬೇಡ. ಎರಡು ವರ್ಷದ ಹಿಂದೆ ಬಜೆಟ್ ಕೂಡದಿದ್ದಾಗ ಒಂದು ಸಾಲಿನ ಹದಿನಾಲ್ಕು ಮನೆಗಳ ತೇವದ ರಿಪೇರಿಯನ್ನು ಮುಂದಿನ ವರ್ಷಕ್ಕೆ ತಳ್ಳಿದೆ. ಕಳೆದ ವರ್ಷ ಮತ್ತೊಮ್ಮೆ ತಳ್ಳಿದೆ. ಆಡಿಟರ್ ಚಕಾರವೆತ್ತಲಿಲ್ಲ. ಆ ಮನೆಗಳನ್ನು ನಾನು ನೋಡಿಯೇ ಇರಲಿಲ್ಲ.

ನವೆಂಬರ್‌ನಲ್ಲಿ ರಿಪೇರಿ ವಿಭಾಗದವರ ಜೊತೆ ಹೋದೆ. ಮೂರನೆಯ ಮನೆಯಲ್ಲಿ ಒಬ್ಬ ಅಜ್ಜಿ ಚಹಾ ಕೊಟ್ಟು, ಮೊಮ್ಮಗನ ಮಂಚವನ್ನು ಗೋಡೆಯಿಂದ ಮೊಳದಷ್ಟು ಈಚೆ ಎಳೆದಿಟ್ಟಿದ್ದನ್ನು ತೋರಿಸಿದರು. ಕಪ್ಪು ಬೂಷ್ಟು, ಅದೇ ವಾಸನೆ. ನಾನು ಯಾರು, ಏನು ಕೆಲಸ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅಡಿಸನ್ ಆಮೇಲೆ ಲೇಬರ್ ಪಕ್ಷ ಸೇರಿದರು, ಕೃಷಿ ಸಚಿವರಾದರು. ಎಪ್ಪತ್ತು ದಾಟಿದ ಮೇಲೆ ಅಟ್ಲಿ ಸರ್ಕಾರದಲ್ಲಿ 1945ರಿಂದ 51ರವರೆಗೆ ಲಾರ್ಡ್ಸ್ ಸಭೆಯ ನಾಯಕರಾಗಿದ್ದರು. ರಾಷ್ಟ್ರೀಯ ಆರೋಗ್ಯ ಸೇವೆ ಕಣ್ಣೆದುರೇ ಹುಟ್ಟಿದ್ದನ್ನು ಕಂಡು, 1951ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಪೆನ್ನಿಯ ಲೆಕ್ಕ ತಪ್ಪಿತ್ತು ಎಂದು ಈಗಲೂ ನಾನು ವಾದಿಸುತ್ತೇನೆ, ಮಗಳು ಒಪ್ಪುವುದಿಲ್ಲ.

ಈ ಸಲದ ಬಜೆಟ್‌ನಲ್ಲಿ ಹದಿನಾಲ್ಕು ಮನೆಗಳನ್ನು ಈ ವರ್ಷದ ಕಾಲಮಿಗೇ ತಂದಿದ್ದೇನೆ. ಬದಲಿಗೆ ಯಾವುದನ್ನು ಬಿಡುತ್ತೀರಿ ಎಂದು ಮೇಲಿನವರು ಒಂದೇ ಸಾಲಿನ ಇಮೇಲ್ ಕಳಿಸಿದ್ದಾರೆ. ಗುರುವಾರದೊಳಗೆ ಉತ್ತರ ಕೊಡಬೇಕು.