ಶಿಕ್ಷೆ ಮುಗಿದ ಮೇಲಿನ ಕಾವಲು

ಬ್ರಿಸ್ಬೇನ್‌ನಿಂದ ಇಪ್ಸ್‌ವಿಚ್ ಕಡೆಗೆ ಹೋಗುವ ರೈಲು ವೇಕಾಲ್ ಎಂಬ ನಿಲ್ದಾಣವನ್ನು ಹಾದು ಹೋಗುತ್ತದೆ. ಅಲ್ಲಿ ಜೈಲುಗಳಿವೆ. ಜೈಲಿನ ಪಕ್ಕದಲ್ಲೇ ಕೆಲವು ಮನೆಗಳೂ ಇವೆ. ಅಲ್ಲಿರುವವರು ಲೈಂಗಿಕ ಅಪರಾಧಗಳಿಗೆ ಶಿಕ್ಷೆ ಪೂರ್ತಿ ಅನುಭವಿಸಿ ಹೊರಬಂದವರು. ಆದರೂ ಕಾಲಿಗೆ ಜಿಪಿಎಸ್ ಪಟ್ಟಿ, ಹೊರಗೆ ಹೋಗಲು ಅನುಮತಿ, ಕುಡಿಯಬಾರದೆಂಬ ಷರತ್ತು, ಆಗಾಗ ಅಧಿಕಾರಿಯ ಭೇಟಿ. ಷರತ್ತು ಮುರಿದರೆ ಮತ್ತೆ ಕೋರ್ಟು.

ನಾನು ದಿನವೂ ಇದೇ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಕಾಲೇಜಿಗೆ ಹೋಗುವ ನನ್ನ ಮಗಳಿಗೂ ಇದೇ ರೈಲು. ಹಾಗಾಗಿ ಈ ಕಾನೂನಿನ ಪ್ರಶ್ನೆ ನನಗೆ ಬರೀ ಪುಸ್ತಕದ್ದಲ್ಲ.

ಪ್ರಶ್ನೆ ಸರಳವಾಗಿದೆ. ಮಾಡಿದ ತಪ್ಪಿಗೆ ಶಿಕ್ಷೆ ಕೊಡಬಹುದು. ಮುಂದೆ ಮಾಡಬಹುದಾದ ತಪ್ಪಿಗೆ?

ಆಸ್ಟ್ರೇಲಿಯಾದ ಹೈಕೋರ್ಟ್ (ನಮ್ಮ ಸುಪ್ರೀಂ ಕೋರ್ಟಿನಂತೆ ಇದೇ ಇಲ್ಲಿ ಅತ್ಯುನ್ನತ ನ್ಯಾಯಾಲಯ) ಇದಕ್ಕೆ ಮೊದಲು ಉತ್ತರ ಹುಡುಕಿದ್ದು 1996ರಲ್ಲಿ, ಕೇಬಲ್ ಮೊಕದ್ದಮೆಯಲ್ಲಿ. ಹೆಂಡತಿಯನ್ನು ಕೊಂದು ಜೈಲು ಸೇರಿದ್ದವನು ಒಳಗಿನಿಂದಲೇ ಬೆದರಿಕೆಯ ಪತ್ರಗಳನ್ನು ಬರೆದಿದ್ದ. ಅವನು ಹೊರಬರುವ ಭಯಕ್ಕೆ ನ್ಯೂ ಸೌತ್ ವೇಲ್ಸ್ ಸರ್ಕಾರ 1994ರಲ್ಲಿ ಅವನೊಬ್ಬನಿಗೆ ಮಾತ್ರ ಅನ್ವಯಿಸುವ ಕಾಯ್ದೆಯನ್ನೇ ತಂದಿತು. ಹೈಕೋರ್ಟ್ ಅದನ್ನು ರದ್ದು ಮಾಡಿತು. ಸರ್ಕಾರ ಮೊದಲೇ ತೀರ್ಮಾನಿಸಿದ ಕೆಲಸಕ್ಕೆ ನ್ಯಾಯಾಧೀಶರಿಂದ ಮುದ್ರೆ ಒತ್ತಿಸಿಕೊಂಡರೆ ನ್ಯಾಯಾಲಯದ ಮೇಲಿನ ನಂಬಿಕೆಯೇ ಹೋಗುತ್ತದೆ ಎಂಬುದು ಆ ತೀರ್ಪಿನ ತಿರುಳು.

ಕ್ವೀನ್ಸ್‌ಲ್ಯಾಂಡ್ ಅದರಿಂದ ಪಾಠ ಕಲಿತು, 2003ರ ತನ್ನ ಕಾಯ್ದೆಯನ್ನು ಹುಷಾರಾಗಿ ಹೆಣೆಯಿತು. ಶಿಕ್ಷೆಯ ಕೊನೆಯ ಆರು ತಿಂಗಳಲ್ಲಿ ಅಟಾರ್ನಿ ಜನರಲ್ ಅರ್ಜಿ ಹಾಕಬೇಕು. ಇಬ್ಬರು ಮನೋವೈದ್ಯರು ಪರೀಕ್ಷಿಸಬೇಕು. ಅಪಾಯ ಗಂಭೀರವೆಂದು ಬಲವಾದ ಸಾಕ್ಷ್ಯದಿಂದ ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಆಗ ಮಾತ್ರ ಜೈಲುವಾಸ ಮುಂದುವರಿಸಬಹುದು, ಇಲ್ಲವೇ ಹೊರಗೆ ಬಿಟ್ಟು ನಿಗಾ ಇಡಬಹುದು. ಒಳಗೇ ಉಳಿಸಿದರೆ ವರ್ಷ ವರ್ಷವೂ ಮರುಪರಿಶೀಲನೆ. ಫಾರ್ಡನ್ ಮೊಕದ್ದಮೆಯಲ್ಲಿ, 2004ರಲ್ಲಿ, ಹೈಕೋರ್ಟಿನ ಏಳು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಇದನ್ನು ಒಪ್ಪಿದರು. ಒಪ್ಪದವರು ಮೈಕಲ್ ಕರ್ಬಿ ಒಬ್ಬರೇ. ಹೊಸ ಅಪರಾಧವೇ ಇಲ್ಲದೆ ಮನುಷ್ಯನನ್ನು ಜೈಲಿನಲ್ಲಿಡುವುದು ಹೆಸರು ಬದಲಿಸಿದ ಶಿಕ್ಷೆಯೇ ಎಂಬುದು ಅವರ ನಿಲುವು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯೂ 2010ರಲ್ಲಿ ಹೆಚ್ಚುಕಡಿಮೆ ಅದನ್ನೇ ಹೇಳಿತು. ಕಾಯ್ದೆ ಮಾತ್ರ ಉಳಿದಿದೆ.

2013ರಲ್ಲಿ ಇಲ್ಲಿನ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೋರ್ಟ್ ಬಿಡುಗಡೆ ಮಾಡಿದರೂ ಸರ್ಕಾರವೇ ಆದೇಶ ಹೊರಡಿಸಿ ಹಿಡಿದಿಡಬಹುದೆಂದು ಕಾನೂನು ಮಾಡಿತು. ರಾಜ್ಯದ ಮೇಲ್ಮನವಿ ನ್ಯಾಯಾಲಯ ಅದೇ ವರ್ಷ ಅದನ್ನು ಹೊಡೆದು ಹಾಕಿತು.

ಇದನ್ನೆಲ್ಲ ಓದುವಾಗ ಕರ್ಬಿಯವರ ಮಾತು ನನಗೆ ಸರಿಯೆನಿಸಿತ್ತು. ಆದರೆ ನನ್ನ ಸಹೋದ್ಯೋಗಿಯೊಬ್ಬರಿದ್ದಾರೆ. ಚಿಕ್ಕಂದಿನಲ್ಲಿ ತನಗಾದದ್ದನ್ನು ಅವರು ಒಮ್ಮೆ ಮಾತ್ರ, ಅದೂ ನಾಲ್ಕೇ ವಾಕ್ಯಗಳಲ್ಲಿ ಹೇಳಿದ್ದರು. ಆ ಮನುಷ್ಯ ಈಗ ನಿಗಾದಲ್ಲಿದ್ದಾನೆ. “ಅವನಿಗೆ ಇನ್ನಷ್ಟು ಶಿಕ್ಷೆ ಆಗಲಿ ಅಂತ ನನಗಿಲ್ಲ. ಅವನು ಎಲ್ಲಿದ್ದಾನೆ ಅಂತ ಯಾರಿಗಾದರೂ ಗೊತ್ತಿರಲಿ, ಅಷ್ಟು ಸಾಕು. ನನಗೆ ರಾತ್ರಿ ನಿದ್ದೆ ಬರುತ್ತೆ,” ಎಂದರು. ಆ ನಿದ್ದೆಗೆ ಬೆಲೆಯಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಹಾಗೆಂದು ಕಾಲಿಗೆ ಕಟ್ಟಿದ ಪಟ್ಟಿ ಹಗುರವಾದದ್ದೆಂದು ತಿಳಿಯುವುದೂ ಬೇಡ. 2023ರ ನವೆಂಬರಿನಲ್ಲಿ ಹೈಕೋರ್ಟ್, ಗಡೀಪಾರು ಮಾಡಲು ಬೇರೆ ದೇಶವಿಲ್ಲದ ವಲಸಿಗರನ್ನು ಅನಿರ್ದಿಷ್ಟ ಕಾಲ ಕೂಡಿಹಾಕುವಂತಿಲ್ಲ ಎಂದಿತು. ಹೊರಬಂದವರಲ್ಲಿ ಶಿಕ್ಷೆ ಮುಗಿಸಿದ ಅಪರಾಧಿಗಳೂ ಇದ್ದರು. ಸರ್ಕಾರ ತರಾತುರಿಯಲ್ಲಿ ವೀಸಾ ಷರತ್ತಾಗಿ ಕಾಲಿಗೆ ಪಟ್ಟಿ ಮತ್ತು ರಾತ್ರಿ ಕರ್ಫ್ಯೂ ಹೇರಿತು. ಒಂದು ವರ್ಷದ ನಂತರ, 2024ರ ನವೆಂಬರಿನಲ್ಲಿ, ಅದೇ ಹೈಕೋರ್ಟ್ 5–2 ಬಹುಮತದಿಂದ ಅದನ್ನು ರದ್ದುಪಡಿಸಿತು. ಇದು ಶಿಕ್ಷೆಯೇ, ಶಿಕ್ಷೆ ಕೊಡುವುದು ಕೋರ್ಟಿನ ಕೆಲಸ, ಮಂತ್ರಿಯದ್ದಲ್ಲ ಎಂಬುದು ಅದರ ಸಾರ. ವೀಸಾ ಹಿಡಿದು ಈ ದೇಶಕ್ಕೆ ಬಂದ ನನ್ನಂಥವರು ಅದನ್ನು ಎರಡು ಸಲ ಓದಿಕೊಂಡೆವು.

ಒಂದೇ ಪಟ್ಟಿ. ಒಂದು ಕಡೆ ನ್ಯಾಯಾಧೀಶರು ವಿಚಾರಣೆ ನಡೆಸಿ, ಕಾರಣ ಬರೆದು ಕಟ್ಟಿಸಿದ್ದು. ಇನ್ನೊಂದು ಕಡೆ ಕಚೇರಿಯ ಆದೇಶದಿಂದ ಕಟ್ಟಿದ್ದು. ಎರಡೂ ಕಾಲನ್ನು ಒಂದೇ ರೀತಿ ಒತ್ತುತ್ತವೆ. ಆದರೆ ಮೊದಲನೆಯದರಲ್ಲಿ ‘ಯಾಕೆ’ ಎಂದು ಕೇಳಲು ಒಂದು ಜಾಗವಿದೆ.

ನಮ್ಮೂರ ಕಡೆ ನೋಡಿ. ಬೆಂಗಳೂರಿನ ಠಾಣೆಯಲ್ಲಿ ರೌಡಿ ಶೀಟ್ ತೆರೆಯುವವರು ಪೊಲೀಸರೇ, ನ್ಯಾಯಾಧೀಶರಲ್ಲ. ಅದಕ್ಕೂ ಹಿಂದೆ, 1871ರಲ್ಲಿ, ಬ್ರಿಟಿಷರು ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿ, ಹಾಜರಿ ಹಾಕಿಸಿಕೊಂಡರು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ‘ಅಪಾಯಕಾರಿ’ ಎಂಬ ಪದವನ್ನು ಯಾರು, ಯಾವ ಸಾಕ್ಷ್ಯದಿಂದ ಹಚ್ಚುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂಬುದನ್ನು ನಮಗೆ ಬೇರೆಯವರು ಕಲಿಸಬೇಕಿಲ್ಲ.

ಕೆಲವರ ಮೇಲೆ ಕಾವಲು ಬೇಕು ಎಂದು ನಾನು ಈಗ ಒಪ್ಪುತ್ತೇನೆ. ಜೈಲಿಗಿಂತ ನಿಗಾ ಸಾಕಾಗುವಾಗ ನಿಗಾವೇ ಇರಲಿ. ಅದನ್ನು ಕೋರ್ಟೇ ಹೇಳಲಿ, ಕಾರಣ ಕೊಟ್ಟು ಹೇಳಲಿ, ಅದಕ್ಕೊಂದು ಕೊನೆಯ ದಿನಾಂಕವೂ ಇರಲಿ. ನನ್ನ ಸಹೋದ್ಯೋಗಿಗೆ ನಿದ್ದೆ ಬರಬೇಕು. ಅದಕ್ಕಾಗಿ ಕೋರ್ಟಿನ ಬಾಗಿಲು ಮುಚ್ಚಬೇಕಾಗಿಲ್ಲ.