ಅರ್ಧ ದಿನದ ಮೂಡುಬಿದಿರೆ

ನನ್ನ ಪಿಎಚ್.ಡಿ. ಮಹಾಪ್ರಬಂಧದ ಒಂದು ವಾಕ್ಯವನ್ನು ಹಿಂತೆಗೆದುಕೊಳ್ಳುವ ಸಲುವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಇದನ್ನು ಇಪ್ಪತ್ತು ವರ್ಷಗಳ ಹಿಂದೆಯೇ ಮಾಡಬೇಕಾಗಿತ್ತು. ಆ ವಾಕ್ಯ ತಪ್ಪೆಂದು ನನಗೆ ತಿಳಿಸಿಕೊಟ್ಟವರು ಮಾರ್ಗದರ್ಶಕರೂ ಅಲ್ಲ, ಪರೀಕ್ಷಕರೂ ಅಲ್ಲ. ದಕ್ಷಿಣ ಅಮೆರಿಕದ ಬಂದರಿನ ಊರೊಂದರಿಂದ ಹೊರಟು, ವಿಹಾರದ ಹಡಗಿನಲ್ಲಿ ಪಣಂಬೂರಿಗೆ ಬಂದಿಳಿದು, ಮೂಡುಬಿದಿರೆಯಲ್ಲಿ ಎರಡು ಗಂಟೆಗಳಷ್ಟೇ ಇದ್ದುಹೋದ ಒಬ್ಬ ವೃದ್ಧೆ.

ನನ್ನ ಊರು ಕೊಪ್ಪಳ ಜಿಲ್ಲೆಯ ಕುಕನೂರು. ಎರೆಭೂಮಿಯ ಸೀಮೆ. ಜೋಳ, ಕಡಲೆ, ಶೇಂಗಾ ಬೆಳೆದು ಮಳೆಯ ದಾರಿ ಕಾಯುವ ನಮಗೆ ಸಮುದ್ರವೆಂದರೆ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಒಂದು, ಅಷ್ಟೇ. ಹರಿವಂಶ ಪರಂಪರೆಯ ಚಾರುದತ್ತ ಕಡಲ ವ್ಯಾಪಾರಕ್ಕೆ ಹೋಗಿ ಹಡಗೊಡೆದು ಪಾರಾಗಿ ಬಂದ ಕಥೆಯನ್ನು ತರಗತಿಯಲ್ಲಿ ಹೇಳುವಾಗಲೂ ನನ್ನ ಕಣ್ಣಮುಂದೆ ಬರುತ್ತಿದ್ದುದು ತುಂಗಭದ್ರೆಯ ಹಿನ್ನೀರೇ. ಹೀಗಿದ್ದರೂ ಸಂಶೋಧನೆಗೆ ನಾನು ಆರಿಸಿಕೊಂಡದ್ದು ಕರಾವಳಿಯ ಕವಿಯನ್ನು. 1557ರಲ್ಲಿ 'ಭರತೇಶ ವೈಭವ'ವನ್ನು ರಚಿಸಿದ ರತ್ನಾಕರವರ್ಣಿ ಮೂಡುಬಿದಿರೆಯವನು. ಕವಿಯ ಊರನ್ನು ಪರಿಚಯಿಸುವ ಒಂದು ಅಧ್ಯಾಯ ಬೇಕೆಂದು ಸಾವಿರ ಕಂಬದ ಬಸದಿಯ ಬಗ್ಗೆ ನಾಲ್ಕು ಪುಟ ಬರೆದೆ. ತ್ರಿಭುವನತಿಲಕ ಚೂಡಾಮಣಿ ಎಂಬ ಅದರ ಹೆಸರು, 1430ರಲ್ಲಿ ಆದ ಅದರ ನಿರ್ಮಾಣ, ಮೂಲನಾಯಕ ಚಂದ್ರನಾಥಸ್ವಾಮಿ, ಮೂರು ನೆಲೆಗಳ ರಚನೆ, ಒಂದರಂತೆ ಮತ್ತೊಂದಿಲ್ಲದ ಕಂಬಗಳು, ಎಲ್ಲವೂ ಅಲ್ಲಿದ್ದವು. ಭೈರಾದೇವಿ ಮಂಟಪದ ತಳಪಟ್ಟಿಕೆಯ ಕುರಿತು ಮಾತ್ರ ಹೀಗೆ ಬರೆದಿದ್ದೆ: ಇಲ್ಲಿ ಆನೆ, ಕುದುರೆ, ಸಿಂಹಗಳ ಜೊತೆಗೆ ಶಿಲ್ಪಿಯ ಕಲ್ಪನೆಯ ಮೃಗಗಳೂ ಇವೆ.

ನಿಜ ಹೇಳಬೇಕೆಂದರೆ ಆ ಪಟ್ಟಿಕೆಯನ್ನು ನಾನು ಬಾಗಿ ನೋಡಿರಲಿಲ್ಲ. ಬೇರೊಂದು ಬರಹದಲ್ಲಿ ಓದಿದ ಮಾತಿಗೆ ನನ್ನ ಶಬ್ದಗಳನ್ನು ತೊಡಿಸಿದ್ದೆ. ಆಮೇಲೆ ನನ್ನ ಇಬ್ಬರು ವಿದ್ಯಾರ್ಥಿಗಳು ತಮ್ಮ ಎಂ.ಫಿಲ್. ಪ್ರಬಂಧಗಳಲ್ಲಿ ಅದೇ ವಾಕ್ಯವನ್ನು ನನ್ನ ಹೆಸರಿನೊಂದಿಗೆ ಉದ್ಧರಿಸಿದರು. ಅದನ್ನು ಕಂಡು ನಾನು ಸಂತೋಷಪಟ್ಟದ್ದೂ ಉಂಟು.

ಕೆಲವು ವರ್ಷಗಳ ಹಿಂದೆ, ಜನವರಿಯ ರಜೆಯೊಂದರಲ್ಲಿ, ತಾಳೆಗರಿಯ ಪ್ರತಿಯೊಂದನ್ನು ನೋಡಲು ಮತ್ತೆ ಮೂಡುಬಿದಿರೆಗೆ ಹೋಗಿದ್ದೆ. ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು ಅದು. ಹಸ್ತಪ್ರತಿಯ ಗೀಳು ಹಿಡಿದವರಿಗೆ ಅಲ್ಲಿಗೆ ಹೋಗಲು ನೆಪ ಬೇಕಿಲ್ಲ. ರಾತ್ರಿಯ ಬಸ್ಸಿನಲ್ಲಿ ಘಟ್ಟ ಇಳಿದು ಬೆಳಿಗ್ಗೆ ತಲಪಿದೆ. ಪ್ರತಿ ತೆಗೆದುಕೊಡುವವರು ಮಧ್ಯಾಹ್ನ ಬರುವರೆಂದು ತಿಳಿಯಿತು. ಬಸದಿಗೆ ಹೋಗಿ ದರ್ಶನ ಮಾಡಿ, ಜಗಲಿಯ ನೆರಳಿನಲ್ಲಿ ಕುಳಿತೆ.

ಹತ್ತು ಗಂಟೆಯ ಸುಮಾರಿಗೆ ನಾಲ್ಕು ಬಸ್ಸುಗಳು ಬಂದು ನಿಂತವು. ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶಿ ಪ್ರವಾಸಿಗಳ ಹಡಗುಗಳು ಬರುವುದುಂಟು. ಬೆಳಿಗ್ಗೆ ಲಂಗರು, ಸಂಜೆ ನಿರ್ಗಮನ. ನಡುವಣ ಅವಧಿಯಲ್ಲಿ ಪ್ರಯಾಣಿಕರಿಗೆ ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಬಸದಿ, ಒಂದು ಗೇರುಬೀಜದ ಕಾರ್ಖಾನೆ, ಮಂಗಳೂರಿನ ಕದ್ರಿ, ಕುದ್ರೋಳಿ, ಸಂತ ಅಲೋಶಿಯಸ್ ಪ್ರಾರ್ಥನಾಲಯ ಇವುಗಳಲ್ಲಿ ಕೆಲವನ್ನು ತೋರಿಸಿ ಮರಳಿ ಹಡಗು ಹತ್ತಿಸುತ್ತಾರೆ. ಎದೆಯ ಮೇಲೆ ಸಂಖ್ಯೆಯ ಚೀಟಿ ಅಂಟಿಸಿಕೊಂಡು, ಚಪ್ಪಲಿ ಕಳಚಿ, ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಕಾಲೆತ್ತಿಡುತ್ತ ಬಂದ ಆ ಗುಂಪನ್ನು ನೋಡಿ ನನ್ನಲ್ಲಿ ಮೂಡಿದ್ದು ಕನಿಕರ. ಕನಿಕರದ ಅಡಿಯಲ್ಲಿ ತುಸು ತಿರಸ್ಕಾರ. ಆರುನೂರು ವರ್ಷಗಳ ಬಸದಿಯನ್ನು ಇವರು ಊಟದ ಹೊತ್ತಿಗೆ ಮುಗಿಸಿಬಿಡುತ್ತಾರಲ್ಲ ಎಂದುಕೊಂಡೆ.

ಗುಂಪು ಒಳಗೆ ಹೋಯಿತು. ಒಬ್ಬಾಕೆ ಮಾತ್ರ ಹಿಂದುಳಿದರು. ಎಪ್ಪತ್ತು ದಾಟಿದ ವಯಸ್ಸು, ಕೈಯಲ್ಲಿ ಊರುಗೋಲು. ಮೆಟ್ಟಿಲು ಹತ್ತಲಾರದೆ ಮಂಟಪದ ತಳದ ಸುತ್ತ ನಿಧಾನವಾಗಿ ನಡೆಯುತ್ತಿದ್ದರು. ಒಂದೆಡೆ ನಿಂತು, ಬಾಗಿ, ಬಹಳ ಹೊತ್ತು ನೋಡಿ, ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು: "ನಿಮ್ಮ ದೇಶದಲ್ಲಿ ಜಿರಾಫೆಗಳು ಇದ್ದವೇ?"

ಇಲ್ಲವೆಂದೆ. "ಹಾಗಾದರೆ ಇದು ಇಲ್ಲಿಗೆ ಹೇಗೆ ಬಂತು?"

ಎದ್ದುಹೋಗಿ ನೋಡಿದೆ. ನೀಳವಾದ ಕೊರಳು, ಸಣ್ಣ ತಲೆ, ಇಳಿಜಾರಾದ ಬೆನ್ನು. ಸ್ವಲ್ಪ ದೂರದಲ್ಲಿ ಸುರುಳಿ ಮೈಯ, ಚೀನೀಯರ ಚಿತ್ರಗಳಲ್ಲಿ ಕಾಣುವಂಥ ಘಟಸರ್ಪ. ಪಕ್ಕದಲ್ಲಿ ಹಾದುಹೋಗುತ್ತಿದ್ದ ಇಂದ್ರರನ್ನು ಕರೆದೆ. ಬಸದಿಯ ಪುರೋಹಿತರನ್ನು ತುಳುನಾಡಿನಲ್ಲಿ ಇಂದ್ರರೆನ್ನುವುದು ವಾಡಿಕೆ. "ಇದು ಯಾವ ಪ್ರಾಣಿ, ಇಂದ್ರರೇ?" ಎಂದೆ. ಅವರು ಆಶ್ಚರ್ಯದಿಂದ, "ಜಿರಾಫೆ ಅಲ್ವಾ ಸಾರ್! ಅದು ಚೀನಾದ ಡ್ರ್ಯಾಗನ್. ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತುಂಟು. ನೀವು ಮೊದಲು ಬಂದಾಗ ಕೇಳಲೇ ಇಲ್ಲವಲ್ಲ" ಎಂದರು.

ಕೇಳಲಿಲ್ಲ. ಅದೇ ಸತ್ಯ. ಐದಾರು ಸಲ ಬಂದಿದ್ದೆ. ಶಾಸನ ಓದಿದ್ದೆ, ಕಂಬ ಎಣಿಸಿದ್ದೆ, ಗ್ರಂಥಗಳ ಸೂಚಿ ನೋಡಿದ್ದೆ. ದಿನವೂ ಅಲ್ಲಿ ದೀಪ ಹಚ್ಚುವವರನ್ನು ಒಂದು ಪ್ರಶ್ನೆ ಕೇಳಿರಲಿಲ್ಲ.

ಆಕೆ ಜಗಲಿಯ ಮೇಲೆ ಬಂದು ಕುಳಿತರು. ಶಾಲೆಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಚಿಲಿ ದೇಶದ ವಾಲ್ಪರೈಸೊ ಅವರ ಊರು. ಕವಿ ಪಾಬ್ಲೊ ನೆರೂದನ ಮನೆಗಳಲ್ಲಿ ಒಂದು ಇರುವ ಊರೆಂದು ಮಾತ್ರ ನಾನು ಕೇಳಿದ್ದೆ. ಅವರು ಹೇಳಿದ್ದು ಬೇರೆಯ ಸಂಗತಿ. ಅಟ್ಲಾಂಟಿಕ್‌ನಿಂದ ಕೇಪ್ ಹಾರ್ನ್ ಸುತ್ತಿ ಬರುವ ಹಡಗುಗಳಿಗೆಲ್ಲ ಒಂದು ಕಾಲಕ್ಕೆ ಅವರ ಊರೇ ತಂಗುದಾಣ. 1914ರಲ್ಲಿ ಪನಾಮಾ ಕಾಲುವೆ ತೆರೆದುಕೊಂಡಿತು, ಹಡಗುಗಳು ಹತ್ತಿರದ ದಾರಿ ಹಿಡಿದವು, ಊರು ಬಡವಾಯಿತು. ಬೆಟ್ಟದ ಮೇಲಿನ ಮನೆಗಳಿಗೆ ಹಳಿಗಳ ಮೇಲೆ ಹತ್ತಿಳಿಯುವ, 1883ರಿಂದ ಬಳಕೆಗೆ ಬಂದ ಬಂಡಿಗಳು ಉಳಿದವು. 2003ರಲ್ಲಿ ಯುನೆಸ್ಕೊ ಆ ಊರಿನ ಹಳೆಯ ಭಾಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಅಲ್ಲಿಗೂ ವಿಹಾರದ ಹಡಗುಗಳು ಬರುತ್ತವೆ.

"ನಾವು ಅವರನ್ನು ನೋಡಿ ನಗುತ್ತಿದ್ದೆವು. ಬೆಟ್ಟ ಹತ್ತುತ್ತಾರೆ, ಬಣ್ಣದ ಮನೆಗಳ ಚಿತ್ರ ತೆಗೆಯುತ್ತಾರೆ, ಇಳಿದು ಹೋಗುತ್ತಾರೆ. ಒಮ್ಮೆ ಅಂಥವರಲ್ಲಿ ಒಬ್ಬ ನನ್ನ ಮನೆಯ ಮುಂದೆ ನಿಂತು, ಗೋಡೆಗೆ ಈ ತಗಡು ಏಕೆ ಹೊದಿಸಿದ್ದೀರಿ ಎಂದು ಕೇಳಿದ. ನಾನು ಹುಟ್ಟಿದ ಮನೆ ಅದು. ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ವಿಚಾರಿಸಿದಾಗ, ಅದು ಹಳೆಯ ಹಡಗುಗಳಲ್ಲಿ ಬಂದ ತಗಡೆಂದು ಹಿರಿಯರು ಹೇಳಿದರು. ಅಂದಿನಿಂದ ನಾನು ನಗುವುದನ್ನು ಬಿಟ್ಟೆ" ಎಂದರು.

ನಾನು ಏನನ್ನೂ ಹೇಳಲಿಲ್ಲ. ಮನೆಯಿಂದ ತಂದಿದ್ದ ಬುತ್ತಿಯಲ್ಲಿ ಶೇಂಗಾ ಉಂಡೆಗಳಿದ್ದವು; ಒಂದನ್ನು ಅವರ ಕೈಗಿತ್ತೆ. ಬಾಯಿಗೆ ಹಾಕಿಕೊಂಡು, "ಮನೀ!" ಎಂದು ಮಗುವಿನಂತೆ ನಕ್ಕರು. ಶೇಂಗಾಕ್ಕೆ ಅವರ ಸ್ಪ್ಯಾನಿಷ್‌ನಲ್ಲಿ ಆ ಹೆಸರು. ಅದರ ತವರು ದಕ್ಷಿಣ ಅಮೆರಿಕವೆಂದು ನಾನೂ ಓದಿದ್ದೆ. ಆದರೆ ಕುಕನೂರಿನ ಹೊಲದ ಬೆಳೆಯನ್ನು ಆ ಖಂಡದವರೊಬ್ಬರು ತಮ್ಮದೆಂದು ಗುರುತಿಸಿದಾಗ, ಓದಿದ್ದು ಮೊದಲ ಬಾರಿಗೆ ನಿಜವೆನಿಸಿತು. ಅವರು ಕೈಚೀಲದಿಂದ ಕಾರ್ಖಾನೆಯಲ್ಲಿ ಕೊಂಡ ಗೇರುಬೀಜದ ಪೊಟ್ಟಣವನ್ನು ತೆಗೆದು ನನಗೆ ಕೊಟ್ಟರು. ಅದೂ ಬ್ರೆಜಿಲ್‌ನಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದೇ. ತುಪಿ ಜನರ ಅಕಾಜು ಪೋರ್ಚುಗೀಸರಿಗೆ ಕಾಜು ಆಯಿತು, ನಮ್ಮ ಕೊಂಕಣಿಗರಿಗೂ ಕಾಜು ಆಯಿತು.

ಬಸ್ಸುಗಳು ಹೊರಟವು. ಗೋಡೆಯ ನೆರಳು ಕಿರಿದಾಗುವವರೆಗೆ ನಾನು ಅಲ್ಲಿಯೇ ಕುಳಿತಿದ್ದೆ. ನನಗೆ ಗೊತ್ತಿದ್ದ ಸಂಗತಿಗಳೇ ಬೇರೆಯ ಕ್ರಮದಲ್ಲಿ ಒಂದರ ಪಕ್ಕದಲ್ಲೊಂದು ಬಂದು ನಿಂತವು.

ಮೊರಾಕ್ಕೊದ ಇಬ್ನ್ ಬತೂತ 1340ರ ದಶಕದಲ್ಲಿ ಕ್ಯಾಲಿಕಟ್‌ಗೆ ಹೋಗುವ ದಾರಿಯಲ್ಲಿ ಮಂಗಳೂರಿನಲ್ಲಿ ತಂಗಿದ್ದು ಮೂರು ದಿನ. ಅಷ್ಟರಲ್ಲಿಯೇ ಅಲ್ಲಿಗೆ ಪರ್ಷಿಯಾ, ಯೆಮನ್‌ಗಳ ವರ್ತಕರು ಬಂದಿಳಿಯುವುದನ್ನೂ ಮೆಣಸು, ಶುಂಠಿಗಳ ಸಮೃದ್ಧಿಯನ್ನೂ ದಾಖಲಿಸಿದ. ಹೆರಾತಿನ ಷಾರುಖ್‌ನ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಮಂಗಳೂರಿನಲ್ಲಿ ಇಳಿದು, ಅದರ ಸಮೀಪದಲ್ಲಿ ಕಂಡ ಎರಕದ ಲೋಹದ ದೇಗುಲವನ್ನು ವರ್ಣಿಸಿ, ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ಆ ರಾಜಧಾನಿಯ ಆನೆಗೊಂದಿ ಇಂದು ನನ್ನದೇ ಜಿಲ್ಲೆಯಲ್ಲಿದೆ. ಅವನು ಕರಾವಳಿಯನ್ನು ಹಾದುಹೋಗುವಾಗ ಮೂಡುಬಿದಿರೆಯ ಈ ಬಸದಿಗೆ ಹದಿಮೂರೇ ವರ್ಷ. ದಾರಿಹೋಕರ ಇಂಥ ಅವಸರದ ನೋಟಗಳನ್ನು ನಾವು ಇತಿಹಾಸದ ಆಕರಗಳೆಂದು ಗೌರವಿಸುತ್ತೇವೆ; ಪಾಠ ಮಾಡುತ್ತೇವೆ. ಇಂದಿನ ದಾರಿಹೋಕರನ್ನು ಕಂಡರೆ ಮಾತ್ರ ಮುಖ ತಿರುಗಿಸುತ್ತೇವೆ.

ಜಿರಾಫೆಯ ವಿಚಾರವೂ ಹೀಗೆಯೇ. 1414ರಲ್ಲಿ ಬಂಗಾಳದ ಸುಲ್ತಾನ ಚೀನಾದ ಚಕ್ರವರ್ತಿಗೆ ಜಿರಾಫೆಯೊಂದನ್ನು ಕಾಣಿಕೆಯಾಗಿ ಕಳುಹಿಸಿದ. ಮರುವರ್ಷ ಆಫ್ರಿಕದ ಮಲಿಂದಿಯಿಂದ ಇನ್ನೊಂದು ಹೋಯಿತು. ಅದು ಝೆಂಗ್ ಹೆ ಎಂಬ ನೌಕಾಧಿಪತಿಯ ಮಹಾನೌಕೆಗಳು ಹಿಂದೂ ಮಹಾಸಾಗರದಲ್ಲಿ ಸಂಚರಿಸಿದ ಕಾಲ. ಚೀನೀ ಆಸ್ಥಾನದ ಪಂಡಿತರು ಆ ಪ್ರಾಣಿಯನ್ನು ಕಂಡು, ಇದು ನಮ್ಮ ಪುರಾಣಗಳ ಮಂಗಳಮೃಗವಾದ ಕಿಲಿನ್ ಎಂದು ಕವಿತೆ ಕಟ್ಟಿದರು. ಕಣ್ಣೆದುರು ನಿಂತ ನಿಜವಾದ ಪ್ರಾಣಿಯನ್ನು ಅವರು ಕಲ್ಪನೆಯದೆಂದು ಓದಿಕೊಂಡರು. ಆರುನೂರು ವರ್ಷಗಳ ಅನಂತರ ನಾನು ಮಾಡಿದ್ದೂ ಅದನ್ನೇ. ಅವರಿಗಾದರೋ ಮೊದಲು ಕಂಡ ವಿಸ್ಮಯವಿತ್ತು. ನನಗೆ ಅದೂ ಇರಲಿಲ್ಲ.

ಬಸದಿಯ ಶಿಲ್ಪಿ ಆ ಪ್ರಾಣಿಯನ್ನು ಕಂಡಿದ್ದನೋ, ಯಾವನೋ ನಾವಿಕ ಹೇಳಿದ್ದನ್ನು ಕೇಳಿ ಕಡೆದನೋ, ಕಲ್ಲು ಹೇಳುವುದಿಲ್ಲ. ಎರಡರಲ್ಲಿ ಯಾವುದಾದರೂ ಅವನಿಗೆ ದೊರೆತದ್ದು ಹಡಗು ತಂದ ಸುದ್ದಿಯಿಂದಲೇ ಆಗಿರಬೇಕು. ಬಂದರಿನಲ್ಲಿ ಕೆಲವೇ ದಿನ ನಿಂತು ಹೋಗುವವನ ಮಾತನ್ನು ಅವನು ಬಸದಿಯ ಬುಡದಲ್ಲಿ ನಿಲ್ಲಿಸಲು ಯೋಗ್ಯವೆಂದು ಭಾವಿಸಿದ.

ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿ ಉಂಟು. 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ'ದ ಅಡುಗೆಯ ಭಾಗದಲ್ಲಾಗಲಿ, ಹದಿನಾರನೆಯ ಶತಮಾನದ ಆರಂಭದ ಮೂರನೆಯ ಮಂಗರಸನ 'ಸೂಪಶಾಸ್ತ್ರ'ದಲ್ಲಾಗಲಿ ಮೆಣಸೆಂದರೆ ಕರಿಮೆಣಸು. ನಮ್ಮ ಸೀಮೆಯ ಊಟಕ್ಕೆ ಪ್ರಾಣವಾದ ಕೆಂಪು ಮೆಣಸಿನಕಾಯಿ ಅಮೆರಿಕದಿಂದ ಬಂದದ್ದು ಪೋರ್ಚುಗೀಸರ ಮೂಲಕ. ಬತೂತ ಕಂಡ ಮೆಣಸನ್ನು ಹುಡುಕಿ ಬಂದ ಹಡಗುಗಳು ಮೆಣಸಿನಕಾಯನ್ನು ಇಳಿಸಿ ಹೋದವು. ಹೊಸ ಕಾಯಿಗೆ ನಮ್ಮ ಜನ ಹಳೆಯ ಪದವನ್ನೇ ಕೊಟ್ಟು ಮನೆಗೆ ಕರೆದುಕೊಂಡರು. ಸಮುದ್ರವಿಲ್ಲದ ಸೀಮೆಯೆಂದು ನಾನು ತಿಳಿದಿದ್ದ ಕುಕನೂರಿನ ಅಡುಗೆಮನೆಯಲ್ಲಿ, ರೊಟ್ಟಿಯ ಪಕ್ಕದ ಶೇಂಗಾ ಚಟ್ನಿಯಲ್ಲಿ, ಎರಡು ಬಾರಿ ಸಮುದ್ರವಿತ್ತು.

ಊರಿಗೆ ಮರಳಿದ ಮೇಲೆ ಮಾಡಿದ ಮೊದಲ ಕೆಲಸವನ್ನು ಹೇಳಿ ಮುಗಿಸುತ್ತೇನೆ. ಕುಕನೂರಿನಲ್ಲಿ ಮಹಾಮಾಯೆಯ ಗುಡಿಯೂ ರಾಷ್ಟ್ರಕೂಟರ ಕಾಲದ ನವಲಿಂಗ ದೇಗುಲಗಳೂ ಒಂದೇ ಆವರಣದಲ್ಲಿವೆ. ಬಾಲ್ಯದಿಂದಲೂ ಆ ಆವರಣವನ್ನು ಹಾದುಹೋದವನು ನಾನು. 'ಕವಿರಾಜಮಾರ್ಗ' ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಕೊಪಣ ನಮ್ಮ ನೆರೆಯದು ಎಂದು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. ಆದರೆ ಊರೊಳಗಿನ ಗುಡಿಗೆ ವಿದ್ಯಾರ್ಥಿಗಳನ್ನು ಒಮ್ಮೆಯೂ ಕರೆದೊಯ್ದಿರಲಿಲ್ಲ. ಆ ಶನಿವಾರ ಹದಿನೆಂಟು ಮಕ್ಕಳೊಂದಿಗೆ ಹೋದೆ. ಅವರಿಗೆ ಒಂದೇ ನಿಯಮ: ನಾನು ವಿವರಿಸುವುದಿಲ್ಲ, ನೀವು ಹಡಗಿನಿಂದ ಇಳಿದವರಂತೆ ಎರಡು ಗಂಟೆ ನೋಡಿ, ಪ್ರಶ್ನೆ ಬರೆಯಿರಿ. ಬಂದ ಪ್ರಶ್ನೆಗಳಲ್ಲಿ ಅರ್ಧದಷ್ಟಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಗುಡಿಯ ಪೂಜಾರಿಗಳನ್ನು ಕೇಳಿದೆವು. ಕೆಲವಕ್ಕೆ ಉತ್ತರ ಸಿಕ್ಕಿತು.

ಮಹಾಪ್ರಬಂಧದ ನನ್ನ ಪ್ರತಿಯಲ್ಲಿ ಆ ವಾಕ್ಯವನ್ನು ಹೊಡೆದುಹಾಕಿ ಅಂಚಿನಲ್ಲಿ ಹೀಗೆ ತಿದ್ದಿದ್ದೇನೆ: ತಳಪಟ್ಟಿಕೆಯಲ್ಲಿ ಜಿರಾಫೆಯೂ ಚೀನೀ ಘಟಸರ್ಪವೂ ಇವೆಯೆಂದು ಸ್ಥಳೀಯರು ಗುರುತಿಸುತ್ತಾರೆ, ನಾನು ನೋಡಿದ್ದೇನೆ. ಹಳೆಯ ವಾಕ್ಯವನ್ನು ಉದ್ಧರಿಸಿದ ಇಬ್ಬರಿಗೂ ಪತ್ರ ಬರೆದಿದ್ದೇನೆ. ಇನ್ನು ಮುಂದೆ ಉದ್ಧರಿಸುವವರಿದ್ದರೆ, ದಯವಿಟ್ಟು ಈ ಪಾಠವನ್ನೇ ಬಳಸಿರಿ. ಅದಕ್ಕೂ ಮೊದಲು ಒಮ್ಮೆ ಅಲ್ಲಿಗೆ ಹೋಗಿ, ಬಾಗಿ ನೋಡಿರಿ.